ಪ್ರತಿಕ್ರಿಯೆ: ಬೆಳಿಗ್ಗೆ ಚೌಕ, ಮಧ್ಯಾಹ್ನ ಸೊಟ್ಟ
ಮೇಡಂ, ಚಿಂತಾಮಣಿಯ ನಿಮ್ಮ ಎಂಟನೇ ಕ್ಲಾಸಿನ ರೋಬಾಟು ಬೆಳಿಗ್ಗೆ ಸರಿಯಾಗಿ ಚೌಕ ಸುತ್ತಿ, ಮಧ್ಯಾಹ್ನ ಅದೇ ಪ್ರೋಗ್ರಾಮಿಗೆ ಸೊಟ್ಟ ಹೋಗುತ್ತೆ ಅಂದಿರಿ. ಮಕ್ಕಳ ತರ್ಕ ಸರಿಯಾಗೇ ಇದೆ. ತಿರುವನ್ನು ಸಮಯದಿಂದ ಅಳೆಯುತ್ತಿರುವುದೇ, ಅಂದರೆ ಇಷ್ಟು ಹೊತ್ತು ಮೋಟಾರು ಓಡಿಸು ಅಂತ ಹೇಳುತ್ತಿರುವುದೇ ತೊಂದರೆ: ಬ್ಯಾಟರಿ ಇಳಿದ ಹಾಗೆ ಮೋಟಾರು ನಿಧಾನವಾಗಿ, ಅದೇ 400 ಮಿಲಿಸೆಕೆಂಡಿನಲ್ಲಿ ಕಡಿಮೆ ತಿರುಗುತ್ತದೆ. ಬ್ಯಾಟರಿಯಿಂದ ಮೋಟಾರಿಗೆ ಕರೆಂಟ್ ಕೊಡುವ ಎಲ್298ಎನ್ ಡ್ರೈವರ್ ಬೋರ್ಡು ಬೇರೆ ಸುಮಾರು 2 ವೋಲ್ಟ್ ನುಂಗುತ್ತದೆ. 9 ವೋಲ್ಟಿನ ಚಿಕ್ಕ ಡಬ್ಬಿ ಬ್ಯಾಟರಿ ಹಾಕಿದ್ದರೆ ಮೊದಲು ತೆಗೆಯಿರಿ, ಅದು ಮೋಟಾರಿಗೆ ಸಾಕಾಗುವಷ್ಟು ಕರೆಂಟ್ ಕೊಡಲ್ಲ. ಎರಡು 18650 ಸೆಲ್ (ರೀಚಾರ್ಜ್ ಆಗುವ ಲಿಥಿಯಂ ಸೆಲ್) ಸೀರೀಸಿನಲ್ಲಿ, ಅಂದರೆ ಒಂದರ ಪ್ಲಸ್ಸಿಗೆ ಇನ್ನೊಂದರ ಮೈನಸ್ ಸೇರಿಸಿ ಹಾಕಿ.

ಆಮೇಲೆ ಸಮಯ ಬಿಟ್ಟು ಚಕ್ರದ ಸುತ್ತು ಎಣಿಸಿ. ಪ್ರತಿ ಚಕ್ರಕ್ಕೆ, ಅದರ ಜೊತೆಗೇ ತಿರುಗುವ 20 ಕಂಡಿಯ ಎನ್‌ಕೋಡರ್ ತಟ್ಟೆ, ಹಾದುಹೋಗುವ ಕಂಡಿ ಎಣಿಸಲು ಒಂದು ಸೆನ್ಸರ್ ಬೇಕು, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತವೆ. 65 ಮಿ.ಮೀ. ಚಕ್ರದ ಸುತ್ತಳತೆ 20.4 ಸೆಂ.ಮೀ., ಅಂದರೆ ಕಂಡಿಗೆ ಹೆಚ್ಚುಕಡಿಮೆ 1 ಸೆಂ.ಮೀ. ಚಕ್ರಗಳ ನಡುವೆ 13 ಸೆಂ.ಮೀ. ಇದ್ದರೆ, ನಿಂತಲ್ಲೇ 90 ಡಿಗ್ರಿ ತಿರುಗಲು ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ, ತಲಾ 10 ಕಂಡಿ. ಈ ಲೆಕ್ಕ ಮಾತ್ರ ದಯವಿಟ್ಟು ನೀವು ಹೇಳಿಕೊಡಬೇಡಿ, ಪಾಠ ಇರೋದೇ ಅಲ್ಲಿ. ಮಕ್ಕಳು ಏನಾಗಬಹುದು ಅಂತ ಮೊದಲು ಬರೆದು, ಪ್ರೋಗ್ರಾಮಿನಲ್ಲಿ ಸಲಕ್ಕೆ ಒಂದೇ ಅಂಕಿ ಬದಲಿಸಿ ಓಡಿಸಲಿ.

ಎಣಿಕೆ ಸರಿಯಿದ್ದೂ ತಿರುವು ಕಡಿಮೆಯಾದರೆ ಧೂಳಿಗೆ ಚಕ್ರ ಜಾರುತ್ತಿದೆ ಅಂತ. ಟೈರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.