ಠಾಣೆಯ ಕಡತ ಯಾರಿಗೆ ಗೌಪ್ಯ?

ಮದ್ದೂರಿನ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಪೂರ್ತಿ ಅಚ್ಚು ಹಾಕಿದರೆ ಹುಡುಗನ ಗುರುತು ಸಿಕ್ಕಿಬಿಡುತ್ತದೆ, ಹಾಗಾಗಿ ಸಾರಾಂಶವಷ್ಟೇ ಕೊಡುತ್ತೇನೆ. ನಿಮ್ಮ ಅಣ್ಣನ ಮಗನನ್ನು ವಿಚಾರಣೆಗೆಂದು ಠಾಣೆಗೆ ಕರೆದೊಯ್ದು ರಾತ್ರಿಯೆಲ್ಲ ಕೂಡಿಹಾಕಿ ಹೊಡೆದರು. ದೂರು ಕೊಟ್ಟಿರಿ. ಇಲಾಖಾ ವಿಚಾರಣೆ ಮುಗಿಯಿತು, ಆರೋಪ ಸಾಬೀತಾಗಿಲ್ಲ ಎಂದರು. ವಿಚಾರಣಾ ವರದಿಯನ್ನೂ ಆ ರಾತ್ರಿಯ ಸಿಸಿಟಿವಿ ದೃಶ್ಯಾವಳಿಯನ್ನೂ ಮಾಹಿತಿ ಹಕ್ಕಿನಡಿ ಕೇಳಿದ್ದಕ್ಕೆ ‘ಗೌಪ್ಯ ದಾಖಲೆ, ನೀಡಲು ಅವಕಾಶವಿಲ್ಲ’ ಎಂಬ ಒಂದೇ ಸಾಲಿನ ಹಿಂಬರಹ ಬಂತು. ‘ಕಡತವೇ ಗುಟ್ಟಾದರೆ ಪೊಲೀಸರ ಮೇಲೆ ಕಣ್ಣಿಡುವ ಪ್ರಾಧಿಕಾರಗಳು ಏನನ್ನು ನೋಡುತ್ತವೆ? ಠಾಣೆಯ ಎಲ್ಲ ದಾಖಲೆಯನ್ನೂ ಜನರ ಮುಂದಿಡಲಿ’ ಎಂದು ಬರೆದಿದ್ದೀರಿ.

ಎಲ್ಲವನ್ನೂ ಇಡಬೇಕೆಂಬ ಮಾತನ್ನು ನಾನು ಒಪ್ಪಲಾರೆ. ಅದೇ ಬೀರುವಿನಲ್ಲಿ ಅತ್ಯಾಚಾರದ ದೂರು ಕೊಟ್ಟ ಹೆಣ್ಣುಮಗಳ ಹೆಸರಿರುತ್ತದೆ, ಸಾಕ್ಷಿ ಹೇಳಿದ ಕೂಲಿಯವನ ವಿಳಾಸವಿರುತ್ತದೆ. ಅವು ಹೊರಬಿದ್ದರೆ ಊರಿನಲ್ಲಿ ಅವರು ಬಾಳುವುದು ಕಷ್ಟ. ಮಾಹಿತಿ ಹಕ್ಕು ಕಾಯ್ದೆಯ 8(1)(ಜಿ) ಕಲಂ ಇರುವುದು ಅಂಥವರ ಜೀವಕ್ಕಾಗಿ. ಲಾಠಿ ಬೀಸಿದವರ ಮಾನ ಕಾಯುವುದಕ್ಕಲ್ಲ.

ಆದರೆ ಜನರಿಗೆ ಗೌಪ್ಯವಾದದ್ದು ಮೇಲ್ವಿಚಾರಣೆ ಮಾಡುವವರಿಗೆ ಗೌಪ್ಯವಾಗಕೂಡದು. ನಾನು ಗಟ್ಟಿಯಾಗಿ ಹೇಳಬೇಕಾದದ್ದು ಇದನ್ನೇ, ಮತ್ತು ಕಾನೂನೂ ಇದನ್ನೇ ಹೇಳುತ್ತದೆ. ಮಾಹಿತಿ ಆಯೋಗ ದೂರಿನ ವಿಚಾರಣೆಯಲ್ಲಿ ಯಾವ ದಾಖಲೆಯನ್ನು ಬೇಕಾದರೂ ತರಿಸಿ ನೋಡಬಹುದು, ಯಾವ ಕಾರಣಕ್ಕೂ ಅದನ್ನು ಆಯೋಗದಿಂದ ತಡೆಹಿಡಿಯುವಂತಿಲ್ಲ ಎಂದು 18(4)ನೇ ಕಲಂ ಹೇಳುತ್ತದೆ. ಮಾನವ ಹಕ್ಕುಗಳ ಆಯೋಗಕ್ಕೂ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆ ದಾಖಲೆ ತರಿಸಿಕೊಳ್ಳುವ ಸಿವಿಲ್ ನ್ಯಾಯಾಲಯದ ಅಧಿಕಾರ ಕೊಟ್ಟಿದೆ. ಪೊಲೀಸ್ ದೂರು ಪ್ರಾಧಿಕಾರಗಳು ಹುಟ್ಟಿದ್ದು 2006ರ ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪಿನಿಂದ. ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಿರಬೇಕು ಎಂದಿತ್ತು ಸುಪ್ರೀಂ ಕೋರ್ಟ್. ನಮ್ಮ ರಾಜ್ಯ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಅವುಗಳಿಗೆ ಜಾಗ ಕೊಟ್ಟಿತು.

ಇನ್ನು ಸಿಸಿಟಿವಿ. ಸುಪ್ರೀಂ ಕೋರ್ಟಿನ 2020ರ ಡಿಸೆಂಬರ್ 2ರ ಪರಮವೀರ್ ಸಿಂಗ್ ಸೈನಿ ತೀರ್ಪನ್ನು ನಿಮ್ಮ ವಕೀಲರಿಂದ ಓದಿಸಿಕೊಳ್ಳಿ. ಲಾಕಪ್ಪು, ಪಡಸಾಲೆ, ಇನ್ಸ್‌ಪೆಕ್ಟರ್ ಕೊಠಡಿ ಎಲ್ಲ ಕಡೆ ಕ್ಯಾಮೆರಾ ಇರಬೇಕು, ದೃಶ್ಯಾವಳಿಯನ್ನು 18 ತಿಂಗಳು, ಅಷ್ಟು ಸಾಮರ್ಥ್ಯವಿಲ್ಲದಿದ್ದರೂ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಉಳಿಸಬೇಕು ಎನ್ನುತ್ತದೆ ಅದು. ಹಕ್ಕು ಉಲ್ಲಂಘನೆಯಾದವರು ಆ ದೃಶ್ಯಾವಳಿಯನ್ನು ಜೋಪಾನ ಮಾಡಿಸಿಕೊಳ್ಳಬಹುದು. ಆ ಹಕ್ಕನ್ನು ಠಾಣೆಯ ಬಾಗಿಲಲ್ಲೇ ಕನ್ನಡದಲ್ಲಿ ಬರೆದು ಹಾಕಬೇಕು. ನಿಮ್ಮ ಠಾಣೆಯಲ್ಲಿ ಆ ಫಲಕ ಇದೆಯೇ, ಹೋಗಿ ನೋಡಿ.

ಈ ಕ್ಯಾಮೆರಾಗಳನ್ನು ನೋಡಿಕೊಳ್ಳುವ ಜಿಲ್ಲಾ ಸಮಿತಿಯಲ್ಲಿ ಪ್ರಾದೇಶಿಕ ಆಯುಕ್ತರ ಮಟ್ಟದವರು, ಜಿಲ್ಲಾಧಿಕಾರಿ, ಎಸ್ಪಿ ಇವರ ಜೊತೆಗೆ ಮೇಯರ್ ಅಥವಾ ಜಿಲ್ಲಾ ಪಂಚಾಯ್ತಿ ಮುಖ್ಯಸ್ಥರೂ ಇರಬೇಕೆಂದು ಅದೇ ತೀರ್ಪು ಹೇಳಿತು. ಅಧಿಕಾರಿಗಳ ನಡುವೆ ಜನ ಆರಿಸಿದ ಒಬ್ಬರಿಗೆ ಇದ್ದದ್ದು ಅದೊಂದೇ ಕುರ್ಚಿ. 2021ರಲ್ಲಿ ಅವಧಿ ಮುಗಿದ ಮೇಲೆ ನಮ್ಮ ಜಿಲ್ಲಾ ಪಂಚಾಯ್ತಿಗಳು ವರ್ಷಗಟ್ಟಲೆ ಚುನಾಯಿತ ಅಧ್ಯಕ್ಷರಿಲ್ಲದೆ ನಡೆದವು. ಚುನಾವಣೆ ಮುಂದೆ ಹೋದಾಗ ನಾವು ರಸ್ತೆ, ನೀರಿನ ಕೆಲಸ ನಿಂತಿತು ಎಂದು ಗೊಣಗಿದೆವು. ಲಾಕಪ್ಪಿನ ಕ್ಯಾಮೆರಾ ಕೆಟ್ಟಿದೆಯೇ ಎಂದು ಕೇಳಬೇಕಾದ ಪ್ರತಿನಿಧಿಯೂ ಇಲ್ಲವಾದರು ಎಂದು ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಯಾರೂ ದನಿ ಎತ್ತಿದ್ದನ್ನು ನಾನು ಕೇಳಲಿಲ್ಲ. ಇದು ನನ್ನನ್ನು ಬಹಳ ಕಾಡುತ್ತದೆ.

ನಿಮ್ಮ ಹಿಂಬರಹಕ್ಕೆ ಬರುತ್ತೇನೆ. ‘ಗೌಪ್ಯ’ ಎಂದಷ್ಟೇ ಬರೆದರೆ ಸಾಲದು. ಯಾವ ಕಲಂ, ಏಕೆ, ಮೇಲ್ಮನವಿ ಯಾರಿಗೆ ಎಂದು ತಿಳಿಸಲೇಬೇಕು. ತನಿಖೆಗೆ ಅಡ್ಡಿ ಎನ್ನುವುದಾದರೆ ಹೇಗೆ ಅಡ್ಡಿ ಎಂದು ತೋರಿಸಬೇಕು, ತನಿಖೆ ಇದೆ ಎಂಬುದೇ ಕಾರಣವಾಗದು ಎಂದು ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವೈಯಕ್ತಿಕ ಮಾಹಿತಿ ಎಂಬ ನೆಪ ಮಾತ್ರ ಈಗ ಹೆಚ್ಚು ಗಟ್ಟಿಯಾಗಿದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿನಲ್ಲಿದ್ದ ಸಾರ್ವಜನಿಕ ಹಿತದ ಮಾತನ್ನೇ ತೆಗೆದುಹಾಕಿತು. ಇದು ದೊಡ್ಡ ನಷ್ಟ. ಉಳಿದಿರುವುದು 8(2)ನೇ ಕಲಂ: ಗೌಪ್ಯತೆಯಿಂದಾಗುವ ರಕ್ಷಣೆಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು. ಮೇಲ್ಮನವಿಯಲ್ಲಿ ಅದನ್ನೇ ಹಿಡಿಯಿರಿ. ಸಾಕ್ಷಿಗಳ ಹೆಸರಿಗೆ ಮಸಿ ಬಳಿದು ಉಳಿದ ಪುಟ ಕೊಡಿ ಎಂದು 10ನೇ ಕಲಮಿನಡಿ ನೀವೇ ಕೇಳಿ.

ಅದಕ್ಕೂ ಮೊದಲು ಒಂದು ಕೆಲಸ. ದೃಶ್ಯಾವಳಿ ಅಳಿಸದಂತೆ ಕಾಯ್ದಿರಿಸಿ ಎಂದು ಠಾಣಾಧಿಕಾರಿಗೂ ಎಸ್ಪಿಗೂ ಸ್ಪೀಡ್ ಪೋಸ್ಟಿನಲ್ಲಿ ಈ ವಾರವೇ ಬರೆಯಿರಿ. ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟ್ ಪ್ರತಿಯೊಡನೆ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೂ ದೂರು ಹೋಗಲಿ. ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ. ಮೊದಲ ಮೇಲ್ಮನವಿಗೆ ಹಿಂಬರಹ ಕೈಸೇರಿದ ದಿನದಿಂದ 30 ದಿನವಷ್ಟೇ ಇದೆ. ಕರಡು ಬರೆದು ನಮ್ಮ ಕಚೇರಿಗೆ ಕಳುಹಿಸಿ. ನಮ್ಮ ಬಳಗದ ವಕೀಲರೊಬ್ಬರು ಶುಲ್ಕವಿಲ್ಲದೆ ನೋಡಿಕೊಡುತ್ತಾರೆ. ಹುಡುಗನ ಹೆಸರು ನಮ್ಮ ಪುಟಗಳಲ್ಲಿ ಎಲ್ಲೂ ಬರುವುದಿಲ್ಲ.

— ಸಂಪಾದಕ