ಅವ್ವನನ್ನು ಅಮ್ಮ ಅಂತ ತಿದ್ದಬೇಕಾ?

ಓದುಗರ ಪತ್ರ: ನಾವು ಗದಗ ಕಡೆಯವರು, ಆರು ವರ್ಷದಿಂದ ಬೆಂಗಳೂರಿನಲ್ಲಿದ್ದೇವೆ. ಮಗಳು ಮೂರನೇ ಕ್ಲಾಸು. ಶಾಲೆಯಲ್ಲಿ 'ನನ್ನ ಅಮ್ಮ' ಎಂಬ ಪ್ರಬಂಧ ಬರೆಯಲು ಹೇಳಿದ್ದರು. ಅವಳು ಮನೆಯಲ್ಲಿ ಕರೆಯುವ ಹಾಗೆಯೇ 'ನನ್ನ ಅವ್ವ' ಎಂದು ಬರೆದಳು. ಟೀಚರ್ ಅಷ್ಟೂ ಕಡೆ ಕೆಂಪು ಇಂಕಿನಲ್ಲಿ 'ಅಮ್ಮ' ಎಂದು ತಿದ್ದಿ ಕಳಿಸಿದ್ದಾರೆ. ಆಮೇಲಿಂದ ಅವಳು ಹೊರಗೆ ನನ್ನನ್ನು ಅವ್ವ ಅನ್ನಲು ನಾಚುತ್ತಾಳೆ. ನಿಜಕ್ಕೂ ಶುದ್ಧ ಕನ್ನಡ ಯಾವುದು? ನಾನು ಅವಳಿಗೆ ಏನು ಹೇಳಲಿ? ನಮ್ಮ ಉತ್ತರ ಕರ್ನಾಟಕದ ಮಾತು ಇಲ್ಲಿ ನಡೆಯುವುದಿಲ್ಲ.

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಮುಗಿಸಿ ನನ್ನ ಮೊಬೈಲ್ ತೆಗೆದು ನೋಡಿದೆ. ಅದರಲ್ಲಿ ನಮ್ಮವ್ವನ ನಂಬರ್ 'ಅಮ್ಮ' ಅಂತಲೇ ಇದೆ. ನಾನು ಮಂಡ್ಯ ಕಡೆಯವನು. ಮಾತು ಬಂದ ದಿನದಿಂದ ಅವಳನ್ನು ಕರೆದದ್ದು ಅವ್ವ. ಆದರೂ ನಂಬರ್ ಉಳಿಸುವಾಗ ಬೆರಳು ತಾನಾಗಿ 'ಅಮ್ಮ' ಅಂತ ಒತ್ತಿಬಿಟ್ಟಿದೆ. ಹಾಗಾಗಿ ಆ ಟೀಚರ್ ಮೇಲೆ ಜಾಸ್ತಿ ಸಿಟ್ಟು ಮಾಡಿಕೊಳ್ಳಲು ನನಗೆ ಮುಖವಿಲ್ಲ.

ನಿಮ್ಮ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಎರಡೂ ಕನ್ನಡವೇ. ಅಮ್ಮ ಎಂಬ ಮಾತು ಹಳ್ಳಿಯ ಬಾಯಲ್ಲಿ ಕೆಟ್ಟು ಅವ್ವ ಆಯಿತು ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಸುಳ್ಳು. ಅವ್ವ ಬೇರೆಯದೇ ಪದ, ಅದಕ್ಕೆ ಅದರದೇ ಬಳಗವಿದೆ. ಹಳಗನ್ನಡದಲ್ಲಿ ತಾಯಿಗೆ ಅಬ್ಬೆ ಎನ್ನುತ್ತಿದ್ದರು, ಅವ್ವೆ ಎಂದೂ ಇತ್ತು. ತಮಿಳಿನ ಅವ್ವೈ ಇದರ ಅಕ್ಕತಂಗಿ. ಕೊಡವರು ಇವತ್ತಿಗೂ ತಾಯಿಯನ್ನು ಅವ್ವ ಅನ್ನುತ್ತಾರೆ. ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಅದಕ್ಕೇ ಆಂಧ್ರದ ಗಡಿ ಕಡೆಯವರ ಜೊತೆ ಮಾತಾಡುವಾಗ 'ನಮ್ಮವ್ವ' ಅಂದರೆ ಯಾರು ಅಂತ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ನೀವು ಗದಗದವರು, ದೂರ ಹೋಗಬೇಕಾಗಿಲ್ಲ. ನಿಮ್ಮ ಲಕ್ಕುಂಡಿಯಲ್ಲಿ 1007ರಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ಅತ್ತಿಮಬ್ಬೆಯ ಹೆಸರಿನ ಕೊನೆಯಲ್ಲಿ ಕೂತಿರುವುದು ಅದೇ ಅಬ್ಬೆ. ಪಂಪನ ತಾಯಿಯ ಹೆಸರು ಅಬ್ಬಣಬ್ಬೆ. ಅವಳ ತವರು ನಿಮ್ಮ ಮಗ್ಗುಲಿನ ಅಣ್ಣಿಗೇರಿ. ಪಂಪನ ತಮ್ಮ ಜಿನವಲ್ಲಭ ಕುರ್ಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಿಂದ ನಮಗೆ ಆ ಹೆಸರು ಸಿಕ್ಕಿದೆ. ಆದಿಕವಿಯ ಮನೆಯ ಮಾತನ್ನು ಕೆಂಪು ಇಂಕಿನಲ್ಲಿ ತಿದ್ದುವುದು ಸ್ವಲ್ಪ ಧೈರ್ಯದ ಕೆಲಸವೇ!

ಅಬ್ಬೆ ಸತ್ತೂ ಹೋಗಿಲ್ಲ. ಕುಂದಾಪುರದ ಕಡೆ ಇದೆ, ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಹವ್ಯಕರ ಮನೆಗಳಲ್ಲಿದೆ. ಶಿರಸಿ ಕಡೆಯ ಹವ್ಯಕರಲ್ಲಿ ಆಯಿ ಕೇಳಿಸುತ್ತದೆ. ಬ್ಯಾರಿಗಳಿಗೆ ಉಮ್ಮ, ಲಂಬಾಣಿಗರಿಗೆ ಯಾಡಿ.

ತುಳುವಿನ ಕತೆಯೇ ಬೇರೆ. ನಮ್ಮ ಕಚೇರಿಗೆ ಮಂಗಳೂರಿನ ಹುಡುಗನೊಬ್ಬ ಹೊಸದಾಗಿ ಸೇರಿದ್ದ. ಒಂದು ಮಧ್ಯಾಹ್ನ ಫೋನಿನಲ್ಲಿ ಗಾಬರಿಯಿಂದ 'ಅಪ್ಪೆ, ಅಪ್ಪೆ' ಅನ್ನುತ್ತಿದ್ದ. ಫೋನ್ ಇಟ್ಟ ಮೇಲೆ "ಅಪ್ಪನಿಗೆ ಏನಾಯ್ತಪ್ಪ?" ಅಂತ ಕೇಳಿದೆ. ಅವನು ನಕ್ಕುಬಿಟ್ಟ. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ತಾಯಿಗೆ ಜ್ವರ ಬಂದಿತ್ತು, ಅಷ್ಟೇ. 'ಮ' ಅನ್ನುವ ಸದ್ದು ಲೋಕದಲ್ಲೆಲ್ಲ ತಾಯಿಗೇ ಮೀಸಲು ಅಂತ ಭಾಷಣ ಮಾಡುವವರು ಒಮ್ಮೆ ಮಂಗಳೂರಿಗೆ ಹೋಗಿ ಬರಬೇಕು. ಇನ್ನೂ ದೂರದ ಜಾರ್ಜಿಯಾದ ಭಾಷೆಯಲ್ಲೂ 'ಮಾಮಾ' ಅಂದರೆ ಅಪ್ಪ!

ಇನ್ನು ಕೂಡುಕುಟುಂಬದ ಮನೆಗಳದು. ಅಲ್ಲಿ ಯಾವ ಊರಿನ ನಿಯಮವೂ ನಡೆಯುವುದಿಲ್ಲ. ನಮ್ಮ ಸೋದರಮಾವನ ಮಕ್ಕಳು ಹೆತ್ತವಳನ್ನು ಅಕ್ಕ ಅನ್ನುತ್ತಿದ್ದರು. ಮನೆಯ ಚಿಕ್ಕವರೆಲ್ಲ ಅವಳನ್ನು ಅಕ್ಕ ಅನ್ನುತ್ತಿದ್ದರು, ಮಕ್ಕಳೂ ಅದನ್ನೇ ಕಲಿತವು. ಅವ್ವ ಅಂದರೆ ಅವರಿಗೆ ಅಜ್ಜಿ. ಅತ್ತಿಗೆ, ವೈನಿ ಅಂತ ತಾಯಿಯನ್ನೇ ಕರೆದು ಬೆಳೆದವರೂ ನಿಮ್ಮ ಕಡೆ ಇದ್ದಾರೆ. ಯಾರ ಪ್ರೀತಿಯೂ ಅದರಿಂದ ಕಡಿಮೆಯಾದದ್ದು ನಾನು ಕಂಡಿಲ್ಲ.

'ತಾಯಿ'ಯದು ಇನ್ನೊಂದು ತಮಾಷೆ. ಪುಸ್ತಕದಲ್ಲಿ, ಗಾದೆಯಲ್ಲಿ, ಅರ್ಜಿ ಫಾರಂನಲ್ಲಿ ಎಲ್ಲ ತಾಯಿಯೇ. ಆದರೆ ಹೆತ್ತವಳನ್ನು 'ತಾಯಿ, ಊಟ ಹಾಕು' ಅನ್ನುವ ಮಗ ಸಿಗುವುದು ಅಪರೂಪ. ಆ ಮಾತನ್ನು ನಾವು ಗುರುತಿಲ್ಲದ ಹೆಂಗಸರಿಗೆ ಇಟ್ಟಿದ್ದೇವೆ. "ಸ್ವಲ್ಪ ಒಳಗೆ ಹೋಗಿ ತಾಯಿ" ಅನ್ನುತ್ತಾನೆ ಕಂಡಕ್ಟರ್.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಪತ್ರಕ್ಕೆ ನನ್ನ ತಕರಾರಿದೆ. ಅದರ ಕೊನೆಯಲ್ಲಿ 'ನಮ್ಮ ಉತ್ತರ ಕರ್ನಾಟಕದ ಮಾತು ಇಲ್ಲಿ ನಡೆಯುವುದಿಲ್ಲ' ಅಂತ ಬರೆದಿದ್ದೀರಿ. ಅವ್ವ ಬರೀ ನಿಮ್ಮ ಕಡೆಯದಲ್ಲ. ಮಂಡ್ಯ, ಹಾಸನದ ಹಳ್ಳಿಗಳಲ್ಲಿ ಅವ್ವಂದಿರು ತುಂಬಿದ್ದಾರೆ. ನಿಮ್ಮ ಚಿಗವ್ವ ನಮ್ಮಲ್ಲಿ ಚಿಕ್ಕವ್ವ, ದೊಡ್ಡವ್ವ ಎರಡೂ ಕಡೆ ದೊಡ್ಡವ್ವನೇ. ಅಮ್ಮನಿಗೂ ಅವ್ವನಿಗೂ ನಡುವೆ ಇರುವ ಗೆರೆ ತುಂಗಭದ್ರೆಯಲ್ಲ. ಎಷ್ಟೋ ಊರುಗಳಲ್ಲಿ ಅದು ಒಂದು ಬೀದಿಗೂ ಪಕ್ಕದ ಬೀದಿಗೂ ನಡುವೆ ಇತ್ತು. ಯಾವ ಬೀದಿಯ ಮಾತು ಪಠ್ಯಪುಸ್ತಕಕ್ಕೆ ಹೋಯಿತು, ಯಾವ ಬೀದಿಯದು ಹೋಗಲಿಲ್ಲ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಆ ನಾಚಿಕೆ ನನಗೂ ಗೊತ್ತು. ಕಾಲೇಜಿನಲ್ಲಿದ್ದಾಗ ಹಾಸ್ಟೆಲ್ಲಿನ ಇಬ್ಬರು ಗೆಳೆಯರನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಅವ್ವ ಒಲೆ ಮುಂದೆ ಕೂತು ಹಿಟ್ಟು ತೊಳಸುತ್ತಿದ್ದಳು. ಬಾಗಿಲಲ್ಲಿ ನಿಂತು "ಅಮ್ಮಾ" ಅಂದೆ. ಅವಳು ತಿರುಗಲಿಲ್ಲ. ಇನ್ನೊಮ್ಮೆ ಜೋರಾಗಿ ಕರೆದೆ. ಕೋಲು ನಿಲ್ಲಿಸದೆ, ತಲೆ ಎತ್ತದೆ, "ಯಾರ್ನ ಕರಿತಿದ್ದೀಯ್ಲಾ?" ಅಂದಳು. ಗೆಳೆಯರು ನಕ್ಕರು. ನಾನು ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಮಗಳಿಗೆ ಅಬ್ಬಣಬ್ಬೆಯ ಕತೆ ಹೇಳಿ. ಟೀಚರ್ ಜೊತೆ ಜಗಳ ಬೇಡ, ಈ ಪುಟವನ್ನು ಅವರಿಗೂ ಓದಲು ಕೊಡಿ ಸಾಕು. ಆಮೇಲೆ ಆ ಪ್ರಬಂಧವನ್ನು ತಿದ್ದುವ ಮೊದಲು ಹೇಗಿತ್ತೋ ಹಾಗೇ ಇನ್ನೊಂದು ಹಾಳೆಯಲ್ಲಿ ಬರೆಸಿ ನಮಗೆ ಕಳಿಸಿ. ಮಕ್ಕಳ ಪುಟದಲ್ಲಿ ಹಾಕುತ್ತೇವೆ. ತಲೆಬರಹ ಅವಳು ಕೊಟ್ಟದ್ದೇ ಇರಲಿ: 'ನನ್ನ ಅವ್ವ'.