ಮಾಸ್ತರ ದನಿ ನಮ್ಮ ಬಾಯಲ್ಲಿ

ಬಿ.ಎಡ್.ನಲ್ಲಿ ಚಟುವಟಿಕೆ ವಿಧಾನ ಕಲಿತರೂ, ಯಾದಗಿರಿಯ ಶಾಲೆಯಲ್ಲಿ ಅಭ್ಯಾಸ ಪಾಠಕ್ಕೆ ನಿಂತ ಕೂಡಲೇ ನೋಟ್ಸ್ ಬರೆಸೋಕೆ ಶುರು ಮಾಡ್ತೀನಿ, ಯಾಕೆ ಅಂತ ಕೇಳಿದ್ದೀರಿ. ಅದು ನಿಮ್ಮ ದಡ್ಡತನ ಅಲ್ಲರೀ.

ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಇದನ್ನು ಬರೀ ನೋಡಿ ನೋಡಿ ಆಗುವ ಕಲಿಕೆ ಅಂದಿದ್ದರು. ಶಾಲೆ ಮುಗಿಸುವಷ್ಟರಲ್ಲಿ ವಿದ್ಯಾರ್ಥಿ ಸುಮಾರು 13,000 ಗಂಟೆ ಶಿಕ್ಷಕರ ಎದುರು ಕೂತಿರುತ್ತಾನೆ ಅನ್ನೋದು ಅವರ ಲೆಕ್ಕ. ಎರಡು ವರ್ಷದ ಬಿ.ಎಡ್. ಅದರ ಮುಂದೆ ಎಷ್ಟರದು? ತೊಡಕೇನಂದ್ರೆ, ಬೆಂಚಿನಿಂದ ಕಾಣೋದು ಮಾಸ್ತರ ಕೈ, ಬಾಯಿ ಮಾತ್ರ. ಯಾವ ಉದಾಹರಣೆ ಯಾಕೆ ಆರಿಸಿದರು, ಯಾವುದನ್ನ ಬಿಟ್ಟರು ಅನ್ನೋದು ಕಾಣಲ್ಲ.

ಕಲಬುರಗಿಯಲ್ಲಿ ನನ್ನ ಮೊದಲ ಪಾಠದಲ್ಲಿ ನಾನೂ ಶಾಲೆಯ ನಮ್ಮ ಗಣಿತದ ಮಾಸ್ತರ ಹಾಗೇ ಡಸ್ಟರ್‌ನಿಂದ ಮೇಜು ಕುಟ್ಟಿದ್ದೆ (ಅವರನ್ನ ಕಂಡ್ರೆ ನನಗಾಗ್ತಿರಲಿಲ್ಲ!). ಪಾಠಯೋಜನೆಯ ಅಂಚಿನಲ್ಲಿ ಪ್ರತಿ ಹಂತಕ್ಕೂ ‘ಇದು ಯಾರಿಂದ ಬಂತು?’ ಅಂತ ಬರೆದು ನೋಡಿ.